ಎಷ್ಟು ಸಲ ಮುಟ್ಟಾದೆ ಅಂತ ನಮ್ಮ ಹುಡುಗಿಯರನ್ನು ಕೇಳಿಸಿ: ಮಂಡ್ಯ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,
ಮಂಡ್ಯ.

ಮಾನ್ಯರೇ, ನಮಸ್ಕಾರ.

ನಾನು ಮದ್ದೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಬೇಡಿಕೆ ಏನು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಹೈಸ್ಕೂಲು ಮತ್ತು ಪಿಯು ಕಾಲೇಜುಗಳಲ್ಲಿ ಓದುವ ಪ್ರತಿ ಹುಡುಗಿಯನ್ನೂ ವರ್ಷಕ್ಕೆ ಒಂದು ಸಲ ಬೇರೆ ಕೋಣೆಯಲ್ಲಿ ಕೂರಿಸಿಕೊಂಡು, ಒಬ್ಬ ಹೆಂಗಸು ಕೇಳಬೇಕು: 'ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಮುಟ್ಟಾದೆ ಕಣಮ್ಮ?' ಉತ್ತರ ಸರಿಯಿಲ್ಲ ಅನ್ನಿಸಿದರೆ ಆ ಮಗುವನ್ನು ಯಾವ ದಿನ, ಯಾರ ಹತ್ತಿರ ಕಳಿಸಬೇಕು ಅನ್ನುವುದು ಕೇಳಿದವರಿಗೆ ಗೊತ್ತಿರಬೇಕು. ಇಷ್ಟಾದರೆ ನಮ್ಮ ಎಷ್ಟೋ ಹೆಣ್ಣುಮಕ್ಕಳ ಪಿಸಿಒಎಸ್, ಅಂದರೆ ಮುಟ್ಟು ತಪ್ಪುವಂತೆ ಮಾಡುವ ಹಾರ್ಮೋನಿನ ಏರುಪೇರು, ಹತ್ತು ವರ್ಷ ಮುಂಚೆಯೇ ಗೊತ್ತಾಗುತ್ತದೆ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಶಾಲೆಯಲ್ಲಿ ಶುಚಿ ಯೋಜನೆಯ ಪ್ಯಾಡ್ ಹಂಚುವ ಕೆಲಸ ನನ್ನದು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಪ್ರತಿ ಸಲವೂ 'ಹೋದ್ಸಲ ಕೊಟ್ಟಿದ್ದೇ ಇದೆ ಮಿಸ್, ಬೇಡ' ಅನ್ನುತ್ತಿದ್ದಳು. ಪಕ್ಕಕ್ಕೆ ಕರೆದು ವಿಚಾರಿಸಿದೆ. ಆರನೇ ಕ್ಲಾಸಿನಲ್ಲಿ ದೊಡ್ಡವಳಾಗಿದ್ದಳು. ನಾನು ವಿಚಾರಿಸಿದ ವರ್ಷ ಮುಟ್ಟು ಬಂದಿದ್ದು ಯುಗಾದಿ ಆದಮೇಲೆ ಒಂದು ಸಲ, ಗೌರಿ ಹಬ್ಬದ ಹತ್ತಿರ ಒಂದು ಸಲ. ಅಮ್ಮನಿಗೆ ಹೇಳಿದ್ದೀಯಾ ಅಂದೆ. 'ಹೇಳ್ದೆ ಮಿಸ್. ಬರದಿದ್ರೆ ಒಳ್ಳೇದೇ ಬಿಡು, ದೇವ್ರ ಕೆಲ್ಸಕ್ಕೆ ಅಡ್ಡಿ ಇರಲ್ಲ ಅಂದ್ರು' ಅಂದಳು. ಅವಳ ಕತ್ತಿನ ಹಿಂಭಾಗ ಕಪ್ಪಾಗಿ, ದಪ್ಪಗೆ ಮಡಿಕೆ ಬಿದ್ದಿತ್ತು. ಅದನ್ನು ಕೊಳೆ ಅಂದುಕೊಂಡು ಮನೆಯಲ್ಲಿ ವಾರವಾರ ಕಡ್ಲೆಹಿಟ್ಟು, ನಿಂಬೆ ಸಿಪ್ಪೆ ಹಾಕಿ ಉಜ್ಜುತ್ತಿದ್ದರು. ಚರ್ಮ ತರಚಿ ಕೆಂಪಾಗಿತ್ತು. ಅದು ಕೊಳೆಯಲ್ಲ ಅಂತ ನಿಮಗೆ ಹೇಳಬೇಕಾಗಿಲ್ಲ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇರುವವರಿಗೆ ಕತ್ತು, ಕಂಕುಳು ಹೀಗೆ ಕಪ್ಪಾಗುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಈ ಪತ್ರ ಓದುವ ತಾಯಂದಿರಿಗಾಗಿ ಎರಡು ಮಾತು ಬಿಡಿಸಿ ಹೇಳುತ್ತೇನೆ. ಡಾಕ್ಟರ ಚೀಟಿಯಲ್ಲಿ ಪಿಸಿಒಡಿ ಅಂತಲೋ ಪಿಸಿಒಎಸ್ ಅಂತಲೋ ಬರೆದಿರುವುದು ಗರ್ಭಕೋಶದ ಗಡ್ಡೆ ಅಲ್ಲ. ಆಪರೇಷನ್ ಮಾಡಿ ತೆಗೆಯುವ ಗಂಟೂ ಅಲ್ಲ. ಇದು ಹಾರ್ಮೋನಿನ ಏರುಪೇರು. ತುಂಬ ಜನರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೆ ದೇಹ ಇನ್ನಷ್ಟು ಇನ್ಸುಲಿನ್ ತಯಾರಿಸುತ್ತದೆ. ಆ ಇನ್ಸುಲಿನ್ ಜಾಸ್ತಿಯಾದಾಗ ಅಂಡಾಶಯವು ಆಂಡ್ರೋಜನ್ ಅನ್ನುವ ಹಾರ್ಮೋನನ್ನು ಬೇಕಾದ್ದಕ್ಕಿಂತ ಜಾಸ್ತಿ ಮಾಡುತ್ತದೆ. ಆಗ ಅಂಡಾಣು ಪೂರ್ತಿ ಬಲಿತು ಹೊರಗೆ ಬರುವುದಿಲ್ಲ, ಮುಟ್ಟು ತಪ್ಪುತ್ತದೆ. ಗಲ್ಲ, ಮೇಲ್ದುಟಿಯ ಮೇಲೆ ಒರಟು ಕೂದಲು ಬರುತ್ತದೆ. ಮೊಡವೆ ಕಡಿಮೆಯಾಗುವುದೇ ಇಲ್ಲ. ಸ್ಕ್ಯಾನಿಂಗಿನಲ್ಲಿ ಕಾಣುವ ಸಣ್ಣ ಸಣ್ಣ ನೀರುಗುಳ್ಳೆಗಳು ಬೆಳೆಯುವುದು ಅರ್ಧಕ್ಕೆ ನಿಂತ ಅಂಡಾಣುವಿನ ಪುಟ್ಟ ಚೀಲಗಳು, ಅಷ್ಟೆ. 1935ರಲ್ಲೇ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ಡಾಕ್ಟರುಗಳು ಇದನ್ನು ವಿವರಿಸಿ ಬರೆದಿದ್ದರು. ಹೊಸ ಕಾಯಿಲೆ ಏನಲ್ಲ.

ಅಪರೂಪದ ಕಾಯಿಲೆಯೂ ಅಲ್ಲ. ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಹತ್ತರ ಆಸುಪಾಸಿನಲ್ಲಿ ಇದೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇರುವವರಲ್ಲಿ ನೂರಕ್ಕೆ 70ರವರೆಗೂ ತಮಗೆ ಈ ತೊಂದರೆ ಇದೆ ಅಂತ ಗೊತ್ತೇ ಇರುವುದಿಲ್ಲ ಅಂತಲೂ ಅದೇ ಸಂಸ್ಥೆ ಹೇಳುತ್ತದೆ. ನನ್ನನ್ನು ಕಾಡುವುದು ಈ ಎರಡನೇ ಸಂಖ್ಯೆ.

ನಮ್ಮ ಕಡೆ ಇದು ಯಾವಾಗ ಗೊತ್ತಾಗುತ್ತದೆ ಹೇಳಿ. ಮದುವೆಯಾಗಿ ಎರಡು ವರ್ಷ ಕಳೆದು ಮಕ್ಕಳಾಗಲಿಲ್ಲ ಅಂದಾಗ. ಅಲ್ಲಿವರೆಗೆ ಯಾರೂ ಕೇಳುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೈಸೂರಿನ ಆಸ್ಪತ್ರೆಗೆ ಹೋಗಿ ಬಂದವಳು ಸಿಕ್ಕಿದ್ದಳು. ಜೊತೆಯಲ್ಲಿ ಅತ್ತೆ ಇದ್ದರು. 'ಇದು ಯಾವಾಗಿಂದ ಹೀಗೆ' ಅಂತ ಡಾಕ್ಟರು ಕೇಳಿದರಂತೆ. 'ಹೈಸ್ಕೂಲಿಂದ' ಅಂತ ಇವಳು ಹೇಳಿದ್ದೇ ತಡ, 'ನಮಗೆ ಹೇಳದೆ ಮದುವೆ ಮಾಡಿದ್ರಾ' ಅಂತ ಅತ್ತೆ ಆಸ್ಪತ್ರೆಯ ಮೆಟ್ಟಿಲ ಮೇಲೇ ಶುರು ಮಾಡಿದರಂತೆ. ಪಾಪ, ಬಚ್ಚಿಡೋಕೆ ಆ ಹುಡುಗಿಗೂ ಗೊತ್ತಿರಬೇಕಲ್ಲ. ಅವಳಿಗೆ ಯಾರೂ ಹೇಳಿರಲೇ ಇಲ್ಲ. ಪಿಸಿಒಎಸ್ ಇದ್ದರೆ ಮಕ್ಕಳಾಗುವುದಿಲ್ಲ ಅನ್ನುವುದು ಸುಳ್ಳು. ಬಹಳಷ್ಟು ಮಂದಿಗೆ ಆಗುತ್ತವೆ. ಅಂಡಾಣು ಬಿಡುಗಡೆಯಾಗಲು ಲೆಟ್ರೊಜೋಲ್‌ನಂಥ ಮಾತ್ರೆಗಳಿವೆ. ಆದರೆ ಮಕ್ಕಳ ವಿಷಯ ಬರುವವರೆಗೆ ಕಾಯುವುದರಲ್ಲಿ ಹತ್ತು ವರ್ಷ ಕಳೆದುಹೋಗಿರುತ್ತದೆ. ಆ ಹತ್ತು ವರ್ಷದಲ್ಲಿ ಸಕ್ಕರೆ ಕಾಯಿಲೆ ಹತ್ತಿರವಾಗುತ್ತದೆ. ನಮ್ಮ ಭಾಗದ ಹೆಂಗಸರಿಗೆ ಆ ಅಪಾಯ ಬೇರೆ ದೇಶದವರಿಗಿಂತ ಜಾಸ್ತಿಯೇ. ಬಸುರಿಯಾದಾಗ ಶುಗರ್ ಬರುವ ಸಾಧ್ಯತೆಯೂ ಜಾಸ್ತಿ. ತಿಂಗಳುಗಟ್ಟಲೆ ಮುಟ್ಟಾಗದೆ ಇದ್ದರೆ ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗಿ ಮುಂದೆ ಕ್ಯಾನ್ಸರಿಗೂ ದಾರಿಯಾಗಬಹುದು. ಅಂಥವರು ಕಡಿಮೆ. ಆದರೆ ಅದು ತಡೆಯಬಹುದಾದದ್ದು.

ಇನ್ನು ಮನಸ್ಸಿನ ಕಷ್ಟ. ಕೊರೊನಾ ಮುಗಿದು ಎಷ್ಟೋ ಕಾಲವಾದ ಮೇಲೂ ಒಬ್ಬ ಹುಡುಗಿ ತರಗತಿಯಲ್ಲಿ ಮಾಸ್ಕ್ ತೆಗೆಯುತ್ತಿರಲಿಲ್ಲ. ಊಟಕ್ಕೆ ಗೋಡೆ ಕಡೆ ತಿರುಗಿ ಕೂರುತ್ತಿದ್ದಳು. ಗಲ್ಲದ ಮೇಲೆ ಕೂದಲು ಬಂದಿತ್ತು, ಹುಡುಗರು ಅಡ್ಡಹೆಸರಿಟ್ಟಿದ್ದರು. ಪಿಸಿಒಎಸ್ ಇರುವವರಲ್ಲಿ ಖಿನ್ನತೆ, ಆತಂಕ ಜಾಸ್ತಿ ಅಂತ ವೈದ್ಯರೇ ಹೇಳುತ್ತಾರೆ. ಅದನ್ನು ಓದಿಯೇ ತಿಳಿಯಬೇಕಾಗಿಲ್ಲ. ಯಾವುದಾದರೂ ಶಾಲೆಯಲ್ಲಿ ಬಿಸಿಯೂಟದ ಹೊತ್ತಿಗೆ ಬಂದು ನೋಡಿ.

ಬೇಗ ಪತ್ತೆ ಮಾಡಿ ಅಂದ ತಕ್ಷಣ ಎಲ್ಲರಿಗೂ ಸ್ಕ್ಯಾನಿಂಗ್ ಮಾಡಿಸಿ ಅಂತ ಯಾರಾದರೂ ಅರ್ಥ ಮಾಡಿಕೊಂಡರೆ ಈ ಪತ್ರ ಬರೆದದ್ದೇ ವ್ಯರ್ಥ. ಈ ವಿಷಯ ಸ್ವಲ್ಪ ಬಿಡಿಸಿ ಹೇಳಲೇಬೇಕು. ದೊಡ್ಡವಳಾದ ಮೊದಲ ವರ್ಷ ಮುಟ್ಟು ಹಿಂದೆಮುಂದೆ ಆಗುವುದು ಸಹಜ. ಒಂದರಿಂದ ಮೂರು ವರ್ಷದೊಳಗೆ 45 ದಿನದವರೆಗೆ ತಡವಾದರೂ ಗಾಬರಿ ಬೇಡ. ಮೂರು ವರ್ಷ ದಾಟಿದ ಮೇಲೂ 35 ದಿನಕ್ಕಿಂತ ತಡವಾಗುತ್ತಿದ್ದರೆ, 21 ದಿನಕ್ಕಿಂತ ಮುಂಚೆ ಬರುತ್ತಿದ್ದರೆ ಅಥವಾ ವರ್ಷಕ್ಕೆ ಎಂಟು ಸಲಕ್ಕಿಂತ ಕಡಿಮೆ ಆದರೆ ಆಗ ತೋರಿಸಬೇಕು. ಮೊದಲ ವರ್ಷ ಕಳೆದ ಮೇಲೆ ಯಾವಾಗಲಾದರೂ ಒಂದೇ ಒಂದು ಸಲ 90 ದಿನ ದಾಟಿದರೂ ತೋರಿಸಬೇಕು. 15 ವರ್ಷವಾದರೂ ದೊಡ್ಡವಳಾಗದಿದ್ದರೆ ಆಗಲೂ ತೋರಿಸಬೇಕು. ಇದು 2023ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವ ಲೆಕ್ಕ. ವಯಸ್ಕ ಹೆಂಗಸರಲ್ಲಿ ಮುಟ್ಟಿನ ಏರುಪೇರು, ಆಂಡ್ರೋಜನ್ ಜಾಸ್ತಿಯಾದ ಲಕ್ಷಣ, ಸ್ಕ್ಯಾನಿಂಗಿನಲ್ಲಿ ಕಾಣುವ ಅಂಡಾಶಯ, ಈ ಮೂರರಲ್ಲಿ ಎರಡಿದ್ದರೆ ಸಾಕು. ಹದಿವಯಸ್ಸಿನವರಲ್ಲಿ ಹಾಗಲ್ಲ. ಮೊದಲ ಎರಡೂ ಇರಲೇಬೇಕು. ಸ್ಕ್ಯಾನಿಂಗ್ ಲೆಕ್ಕಕ್ಕೇ ಇಲ್ಲ. ಯಾಕೆಂದರೆ ಆ ವಯಸ್ಸಿನಲ್ಲಿ ಆರೋಗ್ಯವಾಗಿರುವ ಹುಡುಗಿಯ ಅಂಡಾಶಯದಲ್ಲೂ ಅಂಥ ಗುಳ್ಳೆಗಳು ಕಾಣುತ್ತವೆ. ದೊಡ್ಡವಳಾಗಿ ಎಂಟು ವರ್ಷ ಕಳೆಯುವವರೆಗೆ ರೋಗ ಹೇಳಲು ಸ್ಕ್ಯಾನಿಂಗ್ ನೆಚ್ಚಬೇಡಿ ಅನ್ನುತ್ತದೆ ಮಾರ್ಗಸೂಚಿ.

ಆದರೆ ಊರಲ್ಲಿ ನಡೆಯುವುದು ಉಲ್ಟಾ. ಹೊಟ್ಟೆನೋವು ಅಂತ ಹೋದ 14 ವರ್ಷದ ಹುಡುಗಿಗೆ ಸ್ಕ್ಯಾನಿಂಗ್ ಆಗುತ್ತದೆ. ರಿಪೋರ್ಟಿನಲ್ಲಿ ಒಂದು ಸಾಲು ಬರುತ್ತದೆ. ಮನೆಮಂದಿಯೆಲ್ಲ ಅಳುತ್ತಾರೆ. ಮೊಬೈಲಿನಲ್ಲಿ ನೋಡಿ 'ಮೂರು ತಿಂಗಳಲ್ಲಿ ಗುಣ' ಅನ್ನುವ ಪುಡಿ ತರಿಸುತ್ತಾರೆ. ಅದೇ ಬೀದಿಯಲ್ಲಿ ಮೂರ್ನಾಲ್ಕು ತಿಂಗಳಿಗೊಮ್ಮೆ ಮುಟ್ಟಾಗುವ 17 ವರ್ಷದ ಹುಡುಗಿ ಡಾಕ್ಟರ ಮುಖವನ್ನೇ ನೋಡಿರುವುದಿಲ್ಲ. ಮದುವೆಯಾಗದ ಹುಡುಗಿ ಸ್ಕ್ಯಾನಿಂಗ್ ಸೆಂಟರಿನ ಮುಂದೆ ಕಂಡರೆ ಜನ ಏನಂದುಕೊಳ್ಳುತ್ತಾರೋ ಅನ್ನುವ ಭಯವೂ ಮನೆಯವರಿಗಿದೆ. ಈ ಭಯದಿಂದಲೇ ಎಷ್ಟೋ ತಾಯಂದಿರು ಆಸ್ಪತ್ರೆಯನ್ನೇ ಬೇಡ ಅನ್ನುತ್ತಾರೆ. ಮೊದಲ ಭೇಟಿಗೆ ಸ್ಕ್ಯಾನಿಂಗ್ ಬೇಕಾಗಿಲ್ಲ, ಮಾತಾಡಿ, ಬಿಪಿ, ತೂಕ ನೋಡಿ, ರಕ್ತ ಕೊಟ್ಟರೆ ಸಾಕು ಅಂತ ನೀವು ಸಾರಿ ಹೇಳಿದರೆ ಅರ್ಧ ಬಾಗಿಲು ತೆರೆದ ಹಾಗೆ.

ಸ್ಕ್ಯಾನಿಂಗ್ ಅಂದಾಗ ಮಂಡ್ಯದವರು ಮರೆಯಬಾರದ ಇನ್ನೊಂದು ವಿಷಯ ಇದೆ. 2023ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಒಂದು ಆಲೆಮನೆಯಲ್ಲಿ ಗುಟ್ಟಾಗಿ ಸ್ಕ್ಯಾನಿಂಗ್ ಮಾಡಿ ಹೆಣ್ಣು ಭ್ರೂಣ ಪತ್ತೆ ಹಚ್ಚುತ್ತಿದ್ದ ಜಾಲ ಬಯಲಾಯಿತು. ಗರ್ಭದಲ್ಲಿರುವುದು ಹೆಣ್ಣಾ ಅಂತ ತಿಳಿಯೋಕೆ ದುಡ್ಡು ಕೊಟ್ಟು, ರಾತ್ರಿ ಹೊತ್ತು ಕಬ್ಬಿನ ಗದ್ದೆ ದಾಟಿ ಹೋಗುವ ಜನ ಇದ್ದ ಜಿಲ್ಲೆ ಇದು. ಹುಟ್ಟಿ, ಬೆಳೆದು, ಶಾಲೆಗೆ ಬರುತ್ತಿರುವ ಹೆಣ್ಣುಮಗುವಿನ ಆರೋಗ್ಯ ಕೇಳುವುದಕ್ಕೆ ಈ ಜಿಲ್ಲೆ ಉಳಿದವರಿಗಿಂತ ಒಂದು ಹೆಜ್ಜೆ ಮುಂದೆ ಇಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಹೊಸ ಯೋಜನೆ ಬೇಕಾಗಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. 18 ವರ್ಷದವರೆಗಿನ ಮಕ್ಕಳನ್ನು ನೋಡುವ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರುತ್ತದೆ. ಆ ತಂಡದಲ್ಲಿ ಒಬ್ಬರು ಲೇಡಿ ಡಾಕ್ಟರ್ ಇರಬೇಕು ಅಂತಲೇ ನಿಯಮ ಇದೆ. ಅವರ ತಪಾಸಣೆ ಫಾರಂನಲ್ಲಿ ಹದಿವಯಸ್ಸಿನವರಿಗೆ ಬೇರೆ ಪ್ರಶ್ನೆಗಳಿವೆ, ಮುಟ್ಟು ಏರುಪೇರಾಗುತ್ತಾ ಅನ್ನುವುದೂ ಅದರಲ್ಲಿದೆ. ಪ್ರಶ್ನೆ ಕಾಗದದ ಮೇಲೆ ಇದೆ. ಕೇಳುವ ಜಾಗ ಮಾತ್ರ ಇಲ್ಲ. ಒಂದು ದಿನಕ್ಕೆ ಅಷ್ಟೊಂದು ಮಕ್ಕಳು. ಹಾಲ್‌ನಲ್ಲಿ ಎರಡು ಬೆಂಚು, ಹುಡುಗರ ಸಾಲು, ಪಕ್ಕದಲ್ಲೇ ಹುಡುಗಿಯರ ಸಾಲು. ಕಣ್ಣು, ಹಲ್ಲು, ತೂಕ. ಹಿಂದೆ ನಿಂತ ಗೆಳತಿ ಕಿವಿಗೊಟ್ಟಿರುತ್ತಾಳೆ. ಅಲ್ಲಿ 'ಪಿರಿಯಡ್ಸ್ ಸರಿಯಾಗಿ ಆಗುತ್ತಾ' ಅಂದರೆ ಯಾವ ಹುಡುಗಿ ಇಲ್ಲ ಅಂತಾಳೆ? ತಲೆಯಾಡಿಸಿ ಮುಂದಕ್ಕೆ ಹೋಗುತ್ತಾಳೆ. ಇದು ಬರುವ ಡಾಕ್ಟರ ತಪ್ಪಲ್ಲ. ಕೋಣೆ ಬಿಟ್ಟುಕೊಡಬೇಕಾದವರು ಶಾಲೆಯವರು. ಬಿಟ್ಟುಕೊಡಿ ಅಂತ ನಿಮ್ಮ ಕಡೆಯಿಂದ ಒಂದು ಸುತ್ತೋಲೆ ಬಂದರೆ ಯಾವ ಮುಖ್ಯ ಶಿಕ್ಷಕರೂ ಇಲ್ಲ ಅನ್ನುವುದಿಲ್ಲ.

'ಸರಿಯಾಗಿ ಆಗುತ್ತಾ' ಅಂತ ಕೇಳುವುದನ್ನೂ ಬಿಡಬೇಕು. ಸರಿ ಅಂದರೆ ಏನು ಅಂತ ಆ ಮಗುವಿಗೆ ಗೊತ್ತಿಲ್ಲ. ಅಕ್ಕನಿಗೂ ಹಾಗೇ ಆಗುತ್ತಿದ್ದರೆ ಅದೇ ಸರಿ ಅಂದುಕೊಂಡಿರುತ್ತಾಳೆ. ಎಷ್ಟು ಸಲ, ಕಡೆಯ ಸಲ ಯಾವಾಗ ಅಂತ ಕೇಳಬೇಕು. ಇದಕ್ಕೆ ನಮ್ಮ ಮನೆಗಳಲ್ಲಿ ಒಳ್ಳೇ ಸಾಧನ ಗೋಡೆ ಮೇಲೇ ಇದೆ. ಹಾಲಿನ ಬಟವಾಡೆ, ಗ್ಯಾಸ್ ಬಂದ ದಿನ, ಚೀಟಿ ಕಟ್ಟಬೇಕಾದ ದಿನ, ಎಲ್ಲಕ್ಕೂ ನಮ್ಮ ಹೆಂಗಸರು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಮುಟ್ಟಿನ ದಿನಕ್ಕೂ ಒಂದು ಚುಕ್ಕಿ ಇಡಿ ಅಂತ ನಾನು ಹತ್ತನೇ ಕ್ಲಾಸಿನವರಿಗೆ ಪಾಠದ ಜೊತೆಗೇ ಹೇಳಿಕೊಡುತ್ತಿದ್ದೇನೆ. ಸಂತಾನೋತ್ಪತ್ತಿ ಪಾಠದಲ್ಲಿ ಅಂಡಾಶಯದ ಚಿತ್ರ ಬರೆದು ಭಾಗ ಗುರುತಿಸುವುದಂತೂ ಎಲ್ಲರಿಗೂ ಬರುತ್ತದೆ. ತನ್ನದೇ ತಿಂಗಳ ಲೆಕ್ಕ ಇಡುವುದು ಬರಬೇಕು.

ಆಶಾ ಕಾರ್ಯಕರ್ತೆಯರೇ ಮನೆಮನೆಗೆ ಹೋಗಿ ಕೇಳಲಿ ಅಂತ ಕೆಲವರು ಹೇಳುತ್ತಾರೆ. ಅವರ ಮೇಲೆ ನನಗೆ ತುಂಬ ಗೌರವ ಇದೆ. ಆದರೆ ಆಶಾ ಅಕ್ಕ ಅದೇ ಊರಿನವರು. ಎಷ್ಟೋ ಸಲ ನೆಂಟರೇ. ನಾಳೆ ಹೆಣ್ಣು ನೋಡೋಕೆ ಬರುವವರಿಗೆ ವಿಷಯ ಗೊತ್ತಾದರೆ ಅನ್ನುವ ಹೆದರಿಕೆಗೆ ತಾಯಿ ಬಾಯಿ ಬಿಡುವುದಿಲ್ಲ. ಅದಕ್ಕೇ ಶಾಲೆ, ಕಾಲೇಜಿನಲ್ಲಿ ಕೇಳುವುದು ಒಳ್ಳೇದು ಅನ್ನುತ್ತಿದ್ದೇನೆ. ಅಲ್ಲೂ ಪಟ್ಟಿ ಮಾಡಿ ನೋಟಿಸ್ ಬೋರ್ಡಿಗೆ ಹಾಕುವುದು, ಹೆಸರು ಕೂಗುವುದು ಯಾವುದೂ ಆಗಕೂಡದು. ಚೀಟಿ ಆ ಹುಡುಗಿಯ ಕೈಗೆ, ಇಲ್ಲವೇ ತಾಯಿಯ ಕೈಗೆ ಹೋಗಬೇಕು.

ಚೀಟಿ ಹಿಡಿದು ಎಲ್ಲಿಗೆ ಹೋಗಬೇಕು? ಹದಿಹರೆಯದವರಿಗೆ ಅಂತ ಸ್ನೇಹಾ ಕ್ಲಿನಿಕ್‌ಗಳಿವೆ. ನನ್ನ ತರಗತಿಯಲ್ಲಿ ಕೇಳಿದರೆ ಒಬ್ಬ ಹುಡುಗಿಗೂ ಆ ಹೆಸರು ಗೊತ್ತಿರಲಿಲ್ಲ. ಯಾವ ಆಸ್ಪತ್ರೆಯಲ್ಲಿ, ಯಾವ ವಾರ, ಎಷ್ಟು ಗಂಟೆಗೆ ಅಂತ ಪ್ರತಿ ಶಾಲೆಯ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಒಂದು ಕಾಗದ ಅಂಟಿಸಿದರೂ ಸಾಕು. ಸಮಯ ಶಾಲೆ ಬಿಟ್ಟ ಮೇಲೆ ಇರಲಿ, ಇಲ್ಲ ಶನಿವಾರ ಮಧ್ಯಾಹ್ನ ಇರಲಿ. ಬೇರೆ ಕಾಯಿಲೆ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನ್ ನೋಡಬೇಕಾಗುತ್ತದೆ. ಶುಗರ್ ನೋಡಲೇಬೇಕು. ಇವಕ್ಕೆಲ್ಲ ರಕ್ತವನ್ನು ಒಂದೇ ದಿನ, ತಾಲ್ಲೂಕು ಆಸ್ಪತ್ರೆಯಲ್ಲೇ ತೆಗೆದುಕೊಂಡು, ಹೊರಗೆ ಕಳಿಸಬೇಕಾದ್ದನ್ನು ನೀವೇ ಮಂಡ್ಯದ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ಗೆ ಕಳಿಸಿ, ರಿಪೋರ್ಟ್ ತರಿಸಿಕೊಡುವ ಏರ್ಪಾಡು ಆಗಲಿ. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಚಾರ್ಜ್ ಇಲ್ಲ, ನಿಜ. ಕೂಲಿ ಹೋಗುತ್ತದಲ್ಲ. ಮಳವಳ್ಳಿ ಆಚೆಯಿಂದಲೋ ನಾಗಮಂಗಲದ ಹಳ್ಳಿಯಿಂದಲೋ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಮಂಡ್ಯಕ್ಕೆ ಬಂದರೆ ಆ ದಿನದ ಕೆಲಸ ಮುಗೀತು. ಎರಡನೇ ಸಲ ಬರಬಹುದು. ಮೂರನೇ ಸಲ ಬರುವುದಿಲ್ಲ.

ಔಷಧಿಯ ವಿಷಯದಲ್ಲಿ ಇಲಾಖೆ ಬಾಯಿ ಬಿಟ್ಟು ಮಾತಾಡಬೇಕು. ಪಿಸಿಒಎಸ್‌ಗೆ ಡಾಕ್ಟರು ಕೊಡುವ ಹಾರ್ಮೋನ್ ಮಾತ್ರೆ, ಹೆಂಗಸರು 'ಫ್ಯಾಮಿಲಿ ಪ್ಲಾನಿಂಗ್ ಮಾತ್ರೆ' ಅನ್ನುವ ಅದೇ ಜಾತಿಯದು. ಕವರ್ ನೋಡಿದ ಅಪ್ಪ 'ಮದುವೆಯಾಗದ ಹುಡುಗಿಗೆ ಇದ್ಯಾಕೆ' ಅಂತ ಎಸೆದ ಕತೆ ನನಗೆ ಗೊತ್ತು. ಮುಟ್ಟನ್ನು ಹದಕ್ಕೆ ತರೋಕೆ, ಕೂದಲು, ಮೊಡವೆ ಕಡಿಮೆ ಮಾಡೋಕೆ ಕೊಡುವುದು ಅಂತ ಬರೆಯುವ ಡಾಕ್ಟರು ಎರಡು ನಿಮಿಷ ತಂದೆತಾಯಿಗೆ ಹೇಳಿದರೆ ಅದು ಕಸದ ಬುಟ್ಟಿಗೆ ಹೋಗುವುದಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೊಟ್ಟಾಗಲೂ ಇದೇ ಗಾಬರಿ. 'ಈ ವಯಸ್ಸಿಗೇ ಶುಗರ್ ಬಂತಾ' ಅಂತ. ಇನ್ನೊಂದು ಕಡೆ, ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ಮುಟ್ಟು ಬರಿಸುವ ಮಾತ್ರೆ, ಹಬ್ಬ ಜಾತ್ರೆಗೆ ಮುಂದೂಡುವ ಮಾತ್ರೆ ಧಾರಾಳವಾಗಿ ಸಿಗುತ್ತವೆ. ಮಾತ್ರೆ ನಿಲ್ಲಿಸಿದ ಮೇಲೆ ಸ್ರಾವ ಆಗುತ್ತದೆ. ಸರಿಹೋಯಿತು ಅಂತ ಮನೆಯವರು ಸುಮ್ಮನಾಗುತ್ತಾರೆ. ಕಾರಣ ಒಳಗೆ ಹಾಗೇ ಉಳಿದಿರುತ್ತದೆ. ಔಷಧ ನಿಯಂತ್ರಣದವರ ಜೊತೆ ಮಾತಾಡಿ ಇದಕ್ಕೊಂದು ತಡೆ ಹಾಕಿಸಿ.

'ತೂಕ ಇಳಿಸು' ಅನ್ನುವ ಒಂದೇ ಮಾತಿನಲ್ಲಿ ಹುಡುಗಿಯನ್ನು ವಾಪಸ್ ಕಳಿಸುವುದೂ ನಿಲ್ಲಬೇಕು. ತೂಕ ಜಾಸ್ತಿ ಇರುವವರು ಸ್ವಲ್ಪ ಇಳಿಸಿದರೂ ಮುಟ್ಟು ಸುಧಾರಿಸಬಹುದು, ಅದು ನಿಜ. ಆದರೆ ಸಣಕಲು ಹುಡುಗಿಯರಿಗೂ ಪಿಸಿಒಎಸ್ ಇರುತ್ತದೆ, ಅವರನ್ನು ಯಾರೂ ಅನುಮಾನಿಸುವುದೇ ಇಲ್ಲ. ಮುದ್ದೆ ಬಿಡು, ಅನ್ನ ಬಿಡು ಅಂತ ಬೆಳೆಯುವ ಮಗುವನ್ನು ಉಪವಾಸ ಕೆಡವುವುದು ಬೇಡ. ಇದಕ್ಕೇ ಅಂತ ಒಂದು ವಿಶೇಷ ಪಥ್ಯ ಇಲ್ಲ. ಹದಿವಯಸ್ಸಿನವರು ದಿನಕ್ಕೆ ಒಂದು ಗಂಟೆಯಾದರೂ ಮೈ ಬೆವರುವ ಹಾಗೆ ಓಡಾಡಬೇಕು, ಆಡಬೇಕು. ನಮ್ಮ ಹುಡುಗಿಯರು ಎಂಟನೇ ಕ್ಲಾಸಿಗೆ ಬಂದ ಮೇಲೆ ಮೈದಾನಕ್ಕೆ ಇಳಿಯುವುದೇ ಕಡಿಮೆ. ಹತ್ತನೇ ಕ್ಲಾಸಿಗೆ ಬಂದರೆ ಪಿಟಿ ಪೀರಿಯಡ್ಡಿಗೂ ಸ್ಪೆಷಲ್ ಕ್ಲಾಸು. ಇದು ನಿಮ್ಮ ಇಲಾಖೆಯ ಕೈಯಲ್ಲಿಲ್ಲ ಅಂತ ಗೊತ್ತು. ಡಾಕ್ಟರೊಬ್ಬರು ಶಿಕ್ಷಣ ಇಲಾಖೆಗೆ ಹೇಳಿದರೆ ಆಗುವ ಪರಿಣಾಮ ಪಿಟಿ ಮೇಷ್ಟ್ರು ಹೇಳಿದರೆ ಆಗುವುದಿಲ್ಲ.

ಇನ್ನೊಂದು ಕೊರತೆ ಇದೆ. ಹತ್ತನೇ ಕ್ಲಾಸಿನಲ್ಲಿ ಅನುಮಾನ ಬಂದ ಹುಡುಗಿಗೆ ಆಗಲೇ ಪಿಸಿಒಎಸ್ ಅಂತ ಹಣೆಪಟ್ಟಿ ಹಚ್ಚಲು ಆಗದೇ ಇರಬಹುದು. ಅಪಾಯ ಇದೆ, ಆಮೇಲೆ ಮತ್ತೆ ನೋಡಬೇಕು ಅಂತ ಬರೆದಿಡಬೇಕು. ಈ ಮತ್ತೆ ನೋಡುವವರು ಯಾರು? ಅವಳು ಪಿಯುಗೆ ಮಂಡ್ಯಕ್ಕೆ ಹೋಗಿರುತ್ತಾಳೆ, ಇಲ್ಲ ಬೆಳಿಗ್ಗೆ ಬಸ್ ಹತ್ತಿ ಗಾರ್ಮೆಂಟ್ಸ್‌ಗೆ ಹೋಗುತ್ತಿರುತ್ತಾಳೆ. ಆರೋಗ್ಯ ಇಲಾಖೆ ಬಿಪಿ, ಶುಗರ್ ತಪಾಸಣೆಗೆ ಅವಳನ್ನು ಹುಡುಕಿಕೊಂಡು ಬರುವುದು 30 ವರ್ಷ ದಾಟಿದ ಮೇಲೆ. 18ಕ್ಕೆ ಒಂದು ಕಾರ್ಯಕ್ರಮ ಮುಗಿಯುತ್ತದೆ, 30ಕ್ಕೆ ಇನ್ನೊಂದು ಶುರುವಾಗುತ್ತದೆ. ಮಧ್ಯದ 12 ವರ್ಷದಲ್ಲೇ ಅವಳ ಮದುವೆ, ಬಸಿರು, ಬಾಣಂತನ ಎಲ್ಲ ಆಗಿಹೋಗುತ್ತದೆ. ಆಗ ತಾಯಿ ಕಾರ್ಡಿನಲ್ಲಿ ಬಸಿರಿನ ಲೆಕ್ಕ ಮಾತ್ರ ಇರುತ್ತದೆ. ಪದವಿ ಕಾಲೇಜುಗಳಲ್ಲಿ, ಗಾರ್ಮೆಂಟ್ಸ್‌ನ ಆರೋಗ್ಯ ಶಿಬಿರಗಳಲ್ಲಿ ಅದೇ ಒಂದು ಪ್ರಶ್ನೆ ಸೇರಿಸಿ. ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡಲು 2025ರಲ್ಲಿ ನಮ್ಮ ಸರ್ಕಾರವೇ ತೀರ್ಮಾನಿಸಿತು. ಮುಟ್ಟಿನ ಮಾತು ವಿಧಾನಸೌಧದವರೆಗೆ ಹೋಗಿದೆ ಅಂದಮೇಲೆ ತಿಂಗಳು ತಿಂಗಳು ಮುಟ್ಟಾಗದವರ ಮಾತು ನಿಮ್ಮ ಕಚೇರಿಯವರೆಗಾದರೂ ಬರಬೇಕಲ್ಲವೇ.

ಏಳೂ ತಾಲ್ಲೂಕಿನಲ್ಲಿ ಒಟ್ಟಿಗೆ ಮಾಡೋಕೆ ಕಷ್ಟ ಅಂದರೆ ಮದ್ದೂರು ತಾಲ್ಲೂಕಿನಿಂದ ಶುರು ಮಾಡಿ. ಜೂನ್‌ನಲ್ಲಿ ಶಾಲೆ ತೆರೆದ ಮೇಲೆ ತಪಾಸಣೆ ತಂಡ ಯಾವ ದಿನ ಬರುತ್ತದೆ ಅಂತ ಒಂದು ವಾರ ಮುಂಚೆ ತಿಳಿಸಿ. ನಮ್ಮ ಶಾಲೆಯ ಪ್ರಯೋಗಾಲಯದ ಕೋಣೆ ಖಾಲಿ ಮಾಡಿ ಕೊಡುತ್ತೇವೆ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆದಿದ್ದೇನೆ. ಹುಡುಗಿಯರಿಗೆ ಮುಂಚಿನ ದಿನವೇ ದಿನಾಂಕಗಳನ್ನು ನೆನಪು ಮಾಡಿಕೊಂಡು ಬರೋಕೆ ಹೇಳುತ್ತೇನೆ. ತಾಯಂದಿರ ಸಭೆ ಕರೆದು ನಾನೇ ಮಾತಾಡುತ್ತೇನೆ, ನಿಮ್ಮ ಕಡೆಯಿಂದ ಒಬ್ಬರು ಲೇಡಿ ಡಾಕ್ಟರ್ ಬಂದರೆ ಇನ್ನೂ ಒಳ್ಳೇದು. ಬೇರೆ ಶಾಲೆಗಳ ಶಿಕ್ಷಕಿಯರೂ ಕೈಜೋಡಿಸಲು ಸಿದ್ಧರಿದ್ದಾರೆ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ವಿಜ್ಞಾನ ಶಿಕ್ಷಕಿ,
ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ